ಕ್ಲಿಷ್ಟ ಕಾದಂಬರಿಗಳೂ ಕೈಪಿಡಿಗಳೂ

1933ರ ಡಿಸೆಂಬರ್ 6ರಂದು ನ್ಯೂಯಾರ್ಕಿನ ನ್ಯಾಯಾಧೀಶರಾದ ಜಾನ್ ವುಲ್ಸಿಯವರು ಒಂದು ಕಾದಂಬರಿಯ ವಿಷಯದಲ್ಲಿ ತೀರ್ಪನ್ನಿತ್ತರು. ಜೇಮ್ಸ್ ಜಾಯ್ಸ್ ಎಂಬ ಐರಿಷ್ ಲೇಖಕನ 'ಯುಲಿಸಿಸ್' ಅಶ್ಲೀಲ ಗ್ರಂಥವೋ ಅಲ್ಲವೋ, ಅದನ್ನು ಅಮೆರಿಕದೊಳಕ್ಕೆ ಬರಗೊಡಬಹುದೋ ಬಾರದೋ ಎಂಬುದಿಷ್ಟೇ ಅವರೆದುರಿಗಿದ್ದ ಪ್ರಶ್ನೆ. ಅಶ್ಲೀಲವಲ್ಲವೆಂದು ಅವರು ನಿರ್ಣಯಿಸಿದುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ, ಆದರೆ ಓದುಗರಾದ ನಮಗೆ ಹೆಚ್ಚು ಪ್ರಯೋಜನಕರವಾದ ಇನ್ನೊಂದು ಮಾತೂ ಅದೇ ತೀರ್ಪಿನಲ್ಲಿದೆ. ಗ್ರಂಥವನ್ನು ಆದ್ಯಂತವಾಗಿ ಒಮ್ಮೆಯೂ, ಸರ್ಕಾರದ ಕಡೆಯವರು ಆಕ್ಷೇಪಿಸಿದ್ದ ಭಾಗಗಳನ್ನು ಹಲವು ಬಾರಿಯೂ ಓದಿ, ವಾರಗಟ್ಟಲೆ ತಮ್ಮ ಬಿಡುವಿನ ಹೊತ್ತನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದ ಆ ನ್ಯಾಯಾಧೀಶರು, ಇದು ಸುಲಭವಾಗಿ ಓದಿ ತಿಳಿಯತಕ್ಕ ಪುಸ್ತಕವಲ್ಲವೆಂದೂ, ಇದರ ಸುತ್ತ ಉಪಗ್ರಹಗಳಂತೆ ಹುಟ್ಟಿಕೊಂಡಿರುವ ಬೇರೆ ಪುಸ್ತಕಗಳನ್ನು ಓದಿಕೊಂಡು ಇದನ್ನು ಸಮೀಪಿಸುವುದು ಯುಕ್ತವೆಂದೂ, ಆದುದರಿಂದ ಈ ಕಾದಂಬರಿಯ ವ್ಯಾಸಂಗವೇ ಒಂದು ಭಾರವಾದ ಕೆಲಸವೆಂದೂ ಸಂಕೋಚವಿಲ್ಲದೆ ಬರೆದಿಟ್ಟರು. ಮರುವರ್ಷ ಅಮೆರಿಕದಲ್ಲಿ ಕಾದಂಬರಿ ಅಚ್ಚಾದಾಗ ಈ ತೀರ್ಪನ್ನೇ ಪುಸ್ತಕದ ಮೊದಲಲ್ಲಿ ಸೇರಿಸಿದರು. ಕೈಪಿಡಿಯನ್ನು ಓದಿರೆಂದು ಹೇಳುವ ನ್ಯಾಯಾಲಯದ ಅಪ್ಪಣೆಯೇ ಮುನ್ನುಡಿಯಾಗಿ ಬಂದ ಕಾದಂಬರಿ ಬಹುಶಃ ಇದೊಂದೇ ಇದ್ದೀತು.

ನಮ್ಮಲ್ಲಿ ಕೈಪಿಡಿಯ ವಿಷಯವಾಗಿ ಇಷ್ಟು ನಿಸ್ಸಂಕೋಚವಾದ ಮನೋಭಾವವಿಲ್ಲ. 'ಗೈಡು' ಎಂದೊಡನೆ ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಪೇರಿಸಿಟ್ಟಿರುವ ತೆಳುಕಾಗದದ ಪುಸ್ತಕಗಳೂ, ಮೂಲವನ್ನು ಮುಟ್ಟದೆಯೇ ಪಾತ್ರಚಿತ್ರಣವನ್ನು ಬಾಯಿಪಾಠ ಮಾಡಿ ಪರೀಕ್ಷೆಯನ್ನು ದಾಟುವ ವಿದ್ಯಾರ್ಥಿಗಳೂ ನೆನಪಿಗೆ ಬರುತ್ತಾರೆ. ಈ ದೂರು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ಲಿಂಕನ್ ಪಟ್ಟಣದಲ್ಲಿ ಕ್ಲಿಫ್ಟನ್ ಹಿಲ್ಲೆಗಾಸ್ ಎಂಬಾತ, ಕೆನಡಾದ ಪುಸ್ತಕವ್ಯಾಪಾರಿಯೊಬ್ಬನ ಸಲಹೆಯ ಮೇರೆಗೆ, 1958ರಲ್ಲಿ ಶೇಕ್ಸ್‌ಪಿಯರನ 16 ನಾಟಕಗಳಿಗೆ ಕೈಪಿಡಿಗಳನ್ನು ಪ್ರಕಟಿಸಿ 'ಕ್ಲಿಫ್ಸ್ ನೋಟ್ಸ್' ಮಾಲೆಯನ್ನು ಆರಂಭಿಸಿದನು. ಹಳದಿ ಕಪ್ಪು ಹೊದಿಕೆಯ ಆ ಪುಸ್ತಿಕೆಗಳು ಮೂಲಕೃತಿಗೆ ಬದಲಲ್ಲವೆಂಬ ಎಚ್ಚರಿಕೆಯನ್ನು ಆತ ತನ್ನ ಸಹಿಯೊಡನೆ ಅವುಗಳಲ್ಲಿಯೇ ಅಚ್ಚು ಹಾಕಿಸುತ್ತಿದ್ದುದುಂಟು. ಎಚ್ಚರಿಕೆಯನ್ನು ಎಷ್ಟು ಮಂದಿ ಓದಿದರೆಂಬುದು ಬೇರೆ ಮಾತು. ಅಮೆರಿಕದ ಅಧ್ಯಾಪಕರಂತೂ ಆ ಹಳದಿ ಬಣ್ಣವನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು.

ಆದರೆ ಪರೀಕ್ಷೆಯ ಹಂಗಿಲ್ಲದೆ, ತನ್ನ ಸಂತೋಷಕ್ಕಾಗಿಯೇ ಒಂದು ಕಷ್ಟವಾದ ಕಾದಂಬರಿಯನ್ನು ಕೈಗೆತ್ತಿಕೊಂಡು, ಇಪ್ಪತ್ತು ಪುಟಗಳಾಗುವಷ್ಟರಲ್ಲಿ ದಾರಿ ತಪ್ಪಿ, ತನಗೆ ಇದನ್ನು ಓದುವ ಯೋಗ್ಯತೆಯಿಲ್ಲವೇನೋ ಎಂಬ ಅಳುಕಿನಿಂದ ಪುಸ್ತಕವನ್ನು ಬೀರುವಿಗೆ ಹಿಂದಿರುಗಿಸುವ ಸಾಮಾನ್ಯ ಓದುಗನ ಪಾಡೇ ಬೇರೆ. ಅವನು ಕೈಪಿಡಿಯನ್ನು ಹಿಡಿಯುವುದರಲ್ಲಿ ಅವಮಾನಪಡತಕ್ಕದ್ದೇನೂ ಇಲ್ಲ. ಕಾಳಿದಾಸನನ್ನು ಮಲ್ಲಿನಾಥಸೂರಿಯ ವ್ಯಾಖ್ಯಾನದ ಸಹಾಯವಿಲ್ಲದೆ ಓದಿದ ಸಂಸ್ಕೃತ ವಿದ್ಯಾರ್ಥಿಗಳು ಎಷ್ಟು ಮಂದಿ ಇದ್ದಾರು? ಪಂಪನ ಭಾರತವನ್ನು ಹಿಡಿದು ಕುಳಿತವರು ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯನ್ನು ಪಕ್ಕದಲ್ಲಿರಿಸಿಕೊಳ್ಳುವುದನ್ನು ಯಾರೂ ಕೀಳಾಗಿ ಕಂಡುದಿಲ್ಲ. ಮಲ್ಲಿನಾಥನಂತೂ ತನ್ನ ಕೆಲಸಕ್ಕೆ ಒಂದು ಕಟ್ಟಳೆಯನ್ನೇ ವಿಧಿಸಿಕೊಂಡಿದ್ದನು: ಆಧಾರವಿಲ್ಲದುದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದುದನ್ನು ಹೇಳುವುದಿಲ್ಲ. ಈ ಎರಡು ನಿಯಮಗಳನ್ನು ಇಂದಿನ ಕೈಪಿಡಿಗಳ ಮೇಲೆ ಹೇರಿದರೆ ಅರ್ಧಕ್ಕರ್ಧ ಪುಟಗಳು ಉದುರಿಹೋಗುವುವೆಂದು ನನ್ನ ಗುಮಾನಿ.

ನಮ್ಮ ಹಳ್ಳಿಗಳ ಗಮಕವಾಚನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗದುಗಿನ ಭಾರತವನ್ನು ಒಬ್ಬರು ಹಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಆದರೆ ಪದ್ಯ ಮೊದಲು, ವ್ಯಾಖ್ಯಾನ ಆಮೇಲೆ. ಕೇಳುವವರ ಕಿವಿಯಲ್ಲಿ ಪದ್ಯದ ನಾದವೂ, ಅರ್ಧಂಬರ್ಧ ತಿಳಿದ ಅದರ ಭಾವವೂ ಒಂದು ಗಳಿಗೆ ನಿಂತು, ತಿಳಿಯಬೇಕೆಂಬ ಆಸೆ ಹುಟ್ಟಿದ ಮೇಲೆಯೇ ವ್ಯಾಖ್ಯಾನಕಾರರು ಬಾಯಿ ತೆರೆಯುತ್ತಾರೆ. ಪಾಶ್ಚಾತ್ಯರ ಕ್ಲಿಷ್ಟ ಕಾದಂಬರಿಗಳನ್ನು ಕೈಪಿಡಿಯೊಡನೆ ಓದುವವರಿಗೂ ಈ ಕ್ರಮ ತಪ್ಪದಿದ್ದರೆ ಒಳ್ಳೆಯದೆಂಬುದಕ್ಕೆ ವಿಲಿಯಂ ಫಾಕ್‌ನರನ ಒಂದು ಪುಸ್ತಕವೇ ಸಾಕ್ಷಿ.

1929ರಲ್ಲಿ ಪ್ರಕಟವಾದ ಅವನ 'ದಿ ಸೌಂಡ್ ಅಂಡ್ ದಿ ಫ್ಯೂರಿ' ಅಮೆರಿಕದ ಮಿಸಿಸಿಪಿ ಸೀಮೆಯ ಕಾಂಪ್ಸನ್ ಎಂಬ ಮನೆತನ ಹಾಳಾದ ಕಥೆ. ನಾಲ್ಕು ಭಾಗಗಳ ಆ ಕಾದಂಬರಿಯ ಮೊದಲನೆಯ ಭಾಗವನ್ನು ಹೇಳುವವನು ಬೆಂಜಿ. ವಯಸ್ಸು ಮೂವತ್ತಮೂರಾದರೂ ಬುದ್ಧಿ ಬಲಿಯದ, ಮಾತು ಬಾರದ ಮನುಷ್ಯ. ಬೇಲಿಯ ಸಂದಿನಿಂದ ಅವನು ಏನನ್ನೋ ನೋಡುತ್ತಾನೆ: ಜನ ಹೊಡೆಯುತ್ತಾರೆ, ಬಾವುಟವನ್ನು ತೆಗೆಯುತ್ತಾರೆ, ಮತ್ತೆ ನೆಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅದು ಗಾಲ್ಫ್ ಆಟವೆಂದು ಅವನಿಗೆ ತಿಳಿಯದು. ಆದುದರಿಂದ ಲೇಖಕನೂ ನಮಗೆ ಹೇಳುವುದಿಲ್ಲ. ಆಟಗಾರನೊಬ್ಬ ತನ್ನ ಚೀಲ ಹೊರುವ ಹುಡುಗನನ್ನು 'ಕ್ಯಾಡಿ' ಎಂದು ಕೂಗಿದೊಡನೆ ಬೆಂಜಿ ನರಳತೊಡಗುತ್ತಾನೆ. ಏಕೆ? ಮನೆಬಿಟ್ಟು ಹೋದ ಅವನ ಪ್ರೀತಿಯ ಅಕ್ಕನ ಹೆಸರೂ ಕ್ಯಾಡಿ. ಆ ಆಟದ ಬಯಲು ಒಂದಾನೊಂದು ಕಾಲಕ್ಕೆ ಇವರದೇ ಗೋಮಾಳವಾಗಿದ್ದು, ಅಣ್ಣನನ್ನು ಹಾರ್ವರ್ಡಿನಲ್ಲಿ ಓದಿಸುವುದಕ್ಕಾಗಿ ಅದನ್ನು ಮಾರಿದರೆಂಬುದು ಎಷ್ಟೋ ಪುಟಗಳ ತರುವಾಯ ತುಣುಕು ತುಣುಕಾಗಿ ತಿಳಿದುಬರುತ್ತದೆ.

ಇನ್ನು ನಾಲ್ಕು ಹೆಜ್ಜೆ ಮುಂದೆ, ಬೇಲಿಯ ಸಂದಿಯಲ್ಲಿ ನುಸುಳುವಾಗ ಬೆಂಜಿಯ ಬಟ್ಟೆ ಒಂದು ಮೊಳೆಗೆ ಸಿಕ್ಕಿಕೊಳ್ಳುತ್ತದೆ. ಅವನನ್ನು ನೋಡಿಕೊಳ್ಳುವ ಕರಿಯರ ಹುಡುಗ ಲಸ್ಟರ್ ಬೈಯುತ್ತಾನೆ. ಮರುಸಾಲಿನಲ್ಲಿ ಅಚ್ಚಿನ ಅಕ್ಷರ ಓರೆಯಾಗುತ್ತದೆ; ಬಟ್ಟೆಯನ್ನು ಬಿಡಿಸುತ್ತಿರುವವಳು ಕ್ಯಾಡಿ. ಸುಡುವ ಬಿಸಿಲಿನ ಬದಲು ಕೈ ಮರಗಟ್ಟಿಸುವ ಚಳಿ. ಒಂದು ಮೊಳೆಯ ಆಧಾರದ ಮೇಲೆ ಕಥೆ ಕಾಲು ಶತಮಾನಕ್ಕೂ ಹಿಂದಕ್ಕೆ ಸರಿದುಹೋಗಿದೆ, ಒಂದು ವಿವರಣೆಯ ಮಾತಿಲ್ಲದೆ. ಬೆಂಜಿಗೆ ಅಂದು ಇಂದು ಎಂಬ ಭೇದವಿಲ್ಲ; ಇದ್ದುದೆಲ್ಲ ಈಗಲೂ ಇದೆ. ಓದುಗನಿಗಾದರೋ ಆ ಭೇದ ಬೇಕೇಬೇಕು; ಅದಿಲ್ಲದೆ ಅವನು ಒಂದು ಹೆಜ್ಜೆಯನ್ನೂ ಇಡಲಾರನು.

ಇಲ್ಲಿ ಒಳ್ಳೆಯ ಕೈಪಿಡಿ ಕೊಡುವ ಸಹಾಯ ಬಹಳ ಸಣ್ಣದು, ಬಹಳ ದೊಡ್ಡದು. ಬೆಂಜಿಯ ಕಾವಲಿಗೆ ಬೇರೆ ಬೇರೆ ಕಾಲದಲ್ಲಿ ಮೂವರು ಹುಡುಗರಿದ್ದರು: ಚಿಕ್ಕಂದಿನಲ್ಲಿ ವರ್ಶ್, ಹರೆಯದಲ್ಲಿ ಟಿ.ಪಿ., ಈಗ ಲಸ್ಟರ್. ಯಾವ ಪುಟದಲ್ಲಿ ಯಾರ ಹೆಸರು ಬಂದಿದೆಯೆಂದು ನೋಡಿದರೆ ಸಾಕು, ಯಾವ ಕಾಲದ ಮಾತೆಂಬುದು ಸ್ಥೂಲವಾಗಿ ತಿಳಿಯುತ್ತದೆ. ಹಾಗೆಯೇ ಕ್ವೆಂಟಿನ್ ಎಂಬುದು ಇಬ್ಬರ ಹೆಸರು: 1910ರಲ್ಲಿ ನೀರಿಗೆ ಬಿದ್ದು ಪ್ರಾಣ ಬಿಟ್ಟ ಅಣ್ಣನದೂ, ಅವನ ನೆನಪಿಗಾಗಿ ಅದೇ ಹೆಸರನ್ನು ಹೊತ್ತ ಕ್ಯಾಡಿಯ ಮಗಳದೂ. ಒಂದೇ ಹೆಸರಿಗೆ ಒಮ್ಮೆ 'ಅವನು' ಎಂದೂ ಒಮ್ಮೆ 'ಅವಳು' ಎಂದೂ ಬರುವುದನ್ನು ಕಂಡು ಅಚ್ಚಿನ ತಪ್ಪಿರಬೇಕೆಂದು ಭಾವಿಸುವ ಓದುಗನಿಗೆ ಈ ಒಂದು ವಾಕ್ಯ ಎಷ್ಟೋ ಗಂಟೆಗಳ ಬವಣೆಯನ್ನು ತಪ್ಪಿಸೀತು. ಆದರೂ ಬೆಂಜಿಯ ಭಾಗವನ್ನು ಒಮ್ಮೆ ಕುರುಡುಕುರುಡಾಗಿಯೇ ಓದಿ ಮುಗಿಸಿ, ಬಳಿಕ ಈ ಮೂವರು ಹುಡುಗರ ಸೂತ್ರವನ್ನು ತಿಳಿದುಕೊಂಡು ಮತ್ತೆ ಓದುವವನಿಗೆ ದೊರೆಯುವ ಆನಂದ, ಸೂತ್ರವನ್ನು ಮುಂಚೆಯೇ ಜೇಬಿನಲ್ಲಿಟ್ಟುಕೊಂಡು ಹೊರಟವನಿಗೆ ದೊರೆಯದೆಂದೇ ನಾನು ಹೇಳುವೆನು. ಆ ಗೊಂದಲ ಲೇಖಕನ ಅಸಾಮರ್ಥ್ಯದ ಫಲವಲ್ಲ. ಬೆಂಜಿಯ ಮನಸ್ಸಿನೊಳಗೆ ನಮ್ಮನ್ನು ಒಂದಿಷ್ಟು ಹೊತ್ತು ಇರಿಸುವುದಕ್ಕಾಗಿ ಅವನು ಮಾಡಿದ ಏರ್ಪಾಡು.

ಲೇಖಕನಿಗೂ ಈ ವಿಷಯದಲ್ಲಿ ಇಬ್ಬಗೆಯ ಮನಸ್ಸಿದ್ದಿತು. ಬೇರೆ ಬೇರೆ ಕಾಲದ ಭಾಗಗಳನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚು ಹಾಕುವಷ್ಟು ಪ್ರಕಾಶನದ ಕಸಬು ಮುಂದುವರಿಯಬಾರದಿತ್ತೇ ಎಂದು ಫಾಕ್‌ನರ್ ಹಂಬಲಿಸಿದ್ದನು. ಲಂಡನ್ನಿನ ಫೋಲಿಯೊ ಸೊಸೈಟಿ 2012ರಲ್ಲಿ 14 ಬಣ್ಣಗಳಲ್ಲಿ ಅಂಥ ಮುದ್ರಣವನ್ನು ಹೊರತಂದಿತು. ಅದಕ್ಕೆ ಬಹಳ ಮೊದಲೇ, 1946ರಲ್ಲಿ, ಮಾಲ್ಕಂ ಕೌಲಿ ಸಂಪಾದಿಸಿದ ಸಂಕಲನವೊಂದಕ್ಕಾಗಿ ಫಾಕ್‌ನರನೇ ಕಾಂಪ್ಸನ್ ಮನೆತನದ ವಂಶಾವಳಿಯಂಥ ಒಂದು ಅನುಬಂಧವನ್ನು ಬರೆದುಕೊಟ್ಟನು. ಅದೇ ವರ್ಷ ಕಾದಂಬರಿಯ ಮರುಮುದ್ರಣವೊಂದು ಈ ಅನುಬಂಧವನ್ನು ಕಥೆಗೂ ಮುಂಚೆ, ಮೊದಲ ಪುಟಗಳಲ್ಲಿಯೇ ಇರಿಸಿತು. ಆ ಮುದ್ರಣವನ್ನು ಕೊಂಡ ಓದುಗನು ಬೆಂಜಿಯನ್ನು ಕಾಣುವ ಮೊದಲೇ ಅವನ ಕಥೆಯನ್ನೆಲ್ಲ ಕೇಳಿಬಿಡುತ್ತಿದ್ದನು. ಮುಂದಿನ ಮುದ್ರಣಗಳಲ್ಲಿ ಅದು ಪುಸ್ತಕದ ಕೊನೆಗೆ ಸರಿದುದು ಯೋಗ್ಯವೇ ಆಯಿತು.

ತಮಾಷೆಯೆಂದರೆ, ಲೇಖಕನೇ ಬರೆದ ಈ ಕೈಪಿಡಿಯನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಕಾದಂಬರಿಯಲ್ಲಿ ಹುಡುಗಿ ಕ್ವೆಂಟಿನ್ ಕಿಟಕಿಯ ಬಳಿಯ ಪೇರುಮರವನ್ನು ಹಿಡಿದು ಇಳಿದು ಮನೆಯಿಂದ ಓಡಿಹೋಗುತ್ತಾಳೆ. ಅನುಬಂಧದಲ್ಲಿ ಅವಳು ಇಳಿಯುವುದು ಮಳೆನೀರಿನ ಕೊಳವೆಯ ಮೂಲಕ. ಅವಳು ಕದ್ದೊಯ್ದ ಹಣದ ಲೆಕ್ಕವೂ ಎರಡು ಕಡೆಗಳಲ್ಲಿ ಹೊಂದುವುದಿಲ್ಲ. ಇಂಥ ವ್ಯತ್ಯಾಸಗಳನ್ನು ಕೌಲಿ ಎತ್ತಿ ತೋರಿಸಿದಾಗ ಫಾಕ್‌ನರ್ ತಿದ್ದುವುದಕ್ಕೆ ಆತುರಪಡಲಿಲ್ಲ. ಹದಿನೈದು ವರ್ಷಗಳಾದರೂ ಪುಸ್ತಕ ತನ್ನೊಳಗೆ ಇನ್ನೂ ಜೀವಂತವಾಗಿದ್ದು ಬೆಳೆಯುತ್ತಿದೆಯೆಂಬುದಕ್ಕೆ ಇದು ಗುರುತೆಂದು ಸಮಾಧಾನ ಹೇಳಿದನು. ಕರ್ತೃವಿನ ಪಾಡೇ ಇದಾದರೆ, ಒಂದು ಪುಟದಲ್ಲಿ ಅಧ್ಯಾಯದ ಸಾರವನ್ನು ಹಿಂಡಿಕೊಡುವ ಅನಾಮಿಕ ಕೈಪಿಡಿಕಾರನ ಮಾತನ್ನು ವೇದವಾಕ್ಯವೆಂದು ಸ್ವೀಕರಿಸುವುದು ಹೇಗೆ?

ಈಗ 'ಯುಲಿಸಿಸ್' ಕಡೆಗೆ ಬರೋಣ. 1904ರ ಜೂನ್ 16, ಒಂದೇ ದಿನ, ಡಬ್ಲಿನ್ ನಗರದಲ್ಲಿ ಲಿಯೊಪೋಲ್ಡ್ ಬ್ಲೂಮ್ ಎಂಬ ಜಾಹೀರಾತು ಸಂಗ್ರಹಿಸುವ ಸಾಮಾನ್ಯ ಮನುಷ್ಯನ ಓಡಾಟವೇ ಅದರ ವಸ್ತು. ಹೋಮರನ 'ಒಡಿಸ್ಸಿ'ಯ ಛಾಯೆ 18 ಅಧ್ಯಾಯಗಳಲ್ಲಿಯೂ ಇದೆ; ಆದರೆ ಆ ಅಧ್ಯಾಯಗಳಿಗೆ ಜಾಯ್ಸ್ ಬಳಸುತ್ತಿದ್ದ ಹೋಮರನ ಹೆಸರುಗಳನ್ನು 1922ರಲ್ಲಿ ಪುಸ್ತಕ ಪ್ಯಾರಿಸಿನಲ್ಲಿ ಅಚ್ಚಾಗುವಾಗ ಅವನೇ ತೆಗೆದುಹಾಕಿದನು. ತೆಗೆದುಹಾಕಿದವನು ಸುಮ್ಮನಿರಲಿಲ್ಲ. 1920ರಲ್ಲಿಯೇ ಕಾರ್ಲೊ ಲಿನಾತಿ ಎಂಬ ಇಟಲಿಯ ಮಿತ್ರನಿಗೆ, ಪ್ರತಿ ಅಧ್ಯಾಯಕ್ಕೂ ಹೊತ್ತು, ಬಣ್ಣ, ದೇಹದ ಅಂಗ, ವಿದ್ಯೆ, ಸಂಕೇತ ಎಂದು ಅಂಕಣ ಹಾಕಿದ ಒಂದು ಕೋಷ್ಟಕವನ್ನು ಕಳುಹಿಸಿದ್ದನು. ಬಳಿಕ ಇನ್ನೊಂದನ್ನು ಸಿದ್ಧಪಡಿಸಿ ಗುಟ್ಟಾಗಿ ಕೆಲವರ ಕೈಗೆ ಕೊಟ್ಟನು. ವೃತ್ತಪತ್ರಿಕೆಯ ಕಛೇರಿಯ ಅಧ್ಯಾಯಕ್ಕೆ ಅಂಗ ಶ್ವಾಸಕೋಶ, ವಿದ್ಯೆ ವಾಕ್ಪಟುತ್ವ, ಬಣ್ಣ ಕೆಂಪು. ಹೋಮರನಲ್ಲಿ ಇದಕ್ಕೆ ಸಮನಾದುದು ವಾಯುದೇವತೆಯ ದ್ವೀಪ. ಪತ್ರಿಕೆಯವರನ್ನು ಗಾಳಿಯ ಒಡೆಯರೊಡನೆ ಜೋಡಿಸಿರುವ ಕುಚೋದ್ಯ ಕೋಷ್ಟಕವಿಲ್ಲದಿದ್ದರೆ ನಮಗೆ ತಟ್ಟನೆ ಹೊಳೆಯುತ್ತಿರಲಿಲ್ಲ. ಎರಡು ಕೋಷ್ಟಕಗಳನ್ನೂ ಎದುರುಬದುರು ಇಟ್ಟು ನೋಡಿದರೆ ಹಲವೆಡೆ ಅವು ಒಂದನ್ನೊಂದು ಒಪ್ಪುವುದಿಲ್ಲವೆಂಬುದೂ ಕಂಡುಬರುತ್ತದೆ.

ಎರಡನೆಯ ಕೋಷ್ಟಕವನ್ನು ಲೋಕದ ಕಣ್ಣಿಗೆ ಬೀಳಿಸಿದವನು ಸ್ಟುವರ್ಟ್ ಗಿಲ್ಬರ್ಟ್. ಬರ್ಮಾದಲ್ಲಿ ನ್ಯಾಯಾಧೀಶನಾಗಿದ್ದು ನಿವೃತ್ತನಾಗಿ ಪ್ಯಾರಿಸಿನಲ್ಲಿ ನೆಲೆಸಿದ ಈತ, ಜಾಯ್ಸನ ಸಹಾಯದಿಂದಲೇ 1930ರಲ್ಲಿ ಪುಸ್ತಕದ ಮೇಲೊಂದು ಪ್ರೌಢ ವ್ಯಾಖ್ಯಾನವನ್ನು ಪ್ರಕಟಿಸಿದನು. ಆಗ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮೂಲಕ್ಕೆ ನಿಷೇಧವಿದ್ದುದರಿಂದ, ಮೂಲ ಕೈಗೆ ಸಿಗದವರಿಗೂ ರುಚಿ ತಿಳಿಯಲೆಂದು ಗಿಲ್ಬರ್ಟ್ ಉದ್ದುದ್ದದ ಭಾಗಗಳನ್ನು ಉದ್ಧರಿಸಿದ್ದನು. ಹೀಗಾಗಿ ಎಷ್ಟೋ ಜನರಿಗೆ ಕೈಪಿಡಿಯೇ ಮೊದಲು ದೊರೆತು ಕಾದಂಬರಿ ಆಮೇಲೆ ದೊರೆಯಿತು. ಗಿಲ್ಬರ್ಟನ ಈ ಪುಸ್ತಕದ ವಿಷಯದಲ್ಲಿ ವ್ಲಾದಿಮಿರ್ ನಬೋಕೋವನಿಗಿದ್ದ ತಿರಸ್ಕಾರ ಅಷ್ಟಿಷ್ಟಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 'ಯುಲಿಸಿಸ್' ಪಾಠ ಹೇಳುತ್ತಿದ್ದ ಆ ಕಾದಂಬರಿಕಾರ, ಜಾಯ್ಸ್ ಹುಡುಗಾಟಕ್ಕೆ ಮಾಡಿದ ಪಟ್ಟಿಯನ್ನು ಗಿಲ್ಬರ್ಟ್ ನಿಜವೆಂದು ನಂಬಿ ಕೆಟ್ಟನೆಂದು ಹಳಿದು, ಅಧ್ಯಾಪಕನಾದವನು ಹೋಮರನನ್ನು ಬಿಟ್ಟು ಡಬ್ಲಿನ್ನಿನ ನಕ್ಷೆಯಲ್ಲಿ ಪಾತ್ರಗಳು ನಡೆದ ದಾರಿಯನ್ನು ಗುರುತಿಸಿ ಕೊಡಲಿ ಎಂದು ಹೇಳುತ್ತಿದ್ದನು. ನನಗೂ ನಬೋಕೋವನ ಪಕ್ಷವೇ ಹೆಚ್ಚು ಹಿತ. ಮೊದಲ ಓದಿನಲ್ಲಿ ನಮಗೆ ಬೇಕಾದುದು ಬ್ಲೂಮ್ ಈಗ ಯಾವ ಬೀದಿಯಲ್ಲಿದ್ದಾನೆ, ಯಾರೊಡನೆ ಮಾತಾಡುತ್ತಿದ್ದಾನೆ ಎಂಬುದು. ಅವನ ಶ್ವಾಸಕೋಶದ ಸಂಕೇತಾರ್ಥವಲ್ಲ.

ಆದರೆ ಕೈಪಿಡಿ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದನ್ನು ತೂಗಿ ನೋಡುವುದಕ್ಕೆ ಬ್ಲೂಮನ ಜೇಬಿಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬೆಳಗಿನ ತಿಂಡಿಗೆ ಮಾಂಸ ತರಲು ಹೊರಟ ಬ್ಲೂಮ್ ಹೊಸ್ತಿಲಲ್ಲಿ ನಿಂತು ಬೀಗದ ಕೈಗಾಗಿ ಜೇಬನ್ನು ತಡವುತ್ತಾನೆ. ಬೀಗದ ಕೈ ಇಲ್ಲ, ಅದು ಇನ್ನೊಂದು ಷರಾಯಿಯಲ್ಲಿ ಉಳಿದಿದೆ. ಆಲೂಗೆಡ್ಡೆ ಇದೆ ಎಂದುಕೊಳ್ಳುತ್ತಾನೆ. ಮರ್ಯಾದಸ್ಥನೊಬ್ಬ ಜೇಬಿನಲ್ಲಿ ಆಲೂಗೆಡ್ಡೆ ಇಟ್ಟುಕೊಂಡು ತಿರುಗುವುದೇಕೆ? ಹದಿನೈದನೆಯ ಅಧ್ಯಾಯಕ್ಕೆ ಬಂದಾಗ, ಅದು ತೀರಿಕೊಂಡ ತಾಯಿಯ ನೆನಪಿನ ವಸ್ತು, ರಕ್ಷೆಯೆಂದು ಕಾಪಾಡಿಕೊಂಡು ಬಂದುದು, ಎಂದು ಕಾದಂಬರಿಯೇ ಹೇಳುತ್ತದೆ. ನಡುವಿನ ಹತ್ತು ಅಧ್ಯಾಯಗಳುದ್ದಕ್ಕೂ ಆ ಗೆಡ್ಡೆ ಓದುಗನ ಜೇಬಿನಲ್ಲಿಯೂ ಇರಬೇಕೆಂಬುದು ಲೇಖಕನ ಇಚ್ಛೆ. ಹೊಸ್ತಿಲಲ್ಲಿಯೇ ಅಡಿಟಿಪ್ಪಣಿ ಹಾಕಿ ಇದನ್ನು ಬಯಲು ಮಾಡುವ ಕೈಪಿಡಿಕಾರ, ನಾಟಕ ನೋಡುವಾಗ ಪಕ್ಕದಲ್ಲಿ ಕುಳಿತು ಮುಂದಿನ ಅಂಕವನ್ನು ಕಿವಿಯಲ್ಲಿ ಉಸುರುವ ನೆಂಟನಿಗೆ ಸಮಾನ.

ಇದಕ್ಕೆ ಪ್ರತಿಯಾಗಿ, ಆರನೆಯ ಅಧ್ಯಾಯದಲ್ಲಿ ಪ್ಯಾಡಿ ಡಿಗ್ನಮ್ ಎಂಬವನ ಶವಸಂಸ್ಕಾರಕ್ಕೆ ಗ್ಲಾಸ್ನೆವಿನ್ ಸ್ಮಶಾನಕ್ಕೆ ಬಂದವರಲ್ಲಿ ಕೆಲವರು ತಮ್ಮ ನಾಯಕ ಪಾರ್ನೆಲ್ಲನ ಗೋರಿಯ ಕಡೆಗೆ ನಡೆದು, ಅವನು ಒಳಗಿಲ್ಲವೆಂದೂ ಒಂದು ದಿನ ಹಿಂದಿರುಗಿ ಬರುವನೆಂದೂ ಜನ ಆಡಿಕೊಳ್ಳುವ ಮಾತನ್ನು ಎತ್ತುತ್ತಾರೆ. ಪಾರ್ನೆಲ್ ಯಾರು, ಐರಿಷ್ ಸ್ವರಾಜ್ಯಕ್ಕಾಗಿ ಹೋರಾಡಿದ ಅವನು ಪರಸ್ತ್ರೀಸಂಬಂಧದ ಅಪವಾದದಿಂದ ನಾಯಕತ್ವವನ್ನು ಕಳೆದುಕೊಂಡು 1891ರಲ್ಲಿ ಸತ್ತುದು ಹೇಗೆ, ಅದರಿಂದ ಐರಿಷ್ ಮನೆಮನೆಯಲ್ಲಿ ಹುಟ್ಟಿದ ಕಲಹವೇನು ಎಂಬುದನ್ನು ಕಾದಂಬರಿ ನಿಂತು ವಿವರಿಸುವುದಿಲ್ಲ. ಜಾಯ್ಸ್ ಅದನ್ನು ಬಚ್ಚಿಟ್ಟುದಲ್ಲ. ಅಂದಿನ ಡಬ್ಲಿನ್ನಿನ ಕೂಸಿಗೂ ತಿಳಿದಿದ್ದುದನ್ನು ಹೇಳುವ ಅವಶ್ಯಕತೆ ಅವನಿಗೆ ಕಾಣಲಿಲ್ಲ. ನಮಗೂ ಅವನಿಗೂ ನಡುವೆ ಕಾಲದೇಶಗಳು ಅಡ್ಡ ಬಂದುದರಿಂದ ಕವಿದ ಕತ್ತಲೆ ಇದು. ಇಂಥ ಕಡೆಗಳಲ್ಲಿ ಕೈಪಿಡಿಯನ್ನು ಆ ಕ್ಷಣದಲ್ಲಿಯೇ ತೆರೆದು ನೋಡಿದರೆ ನಷ್ಟವೇನೂ ಇಲ್ಲ. ಡಾನ್ ಗಿಫರ್ಡ್ 1974ರಲ್ಲಿ ಮೊದಲು ಪ್ರಕಟಿಸಿ 1988ರಲ್ಲಿ ವಿಸ್ತರಿಸಿದ ಟಿಪ್ಪಣಿಗ್ರಂಥ, ಹಾಡು, ಅಂಗಡಿ, ಕುದುರೆಪಂದ್ಯ, ಲ್ಯಾಟಿನ್ ಪ್ರಾರ್ಥನೆ ಎಲ್ಲಕ್ಕೂ ಸಾಲು ಸಾಲಾಗಿ ಆಧಾರ ಕೊಡುತ್ತದೆ. ಒಂದೇ ಉಸಿರಿಗೆ ಓದತಕ್ಕ ಪುಸ್ತಕವಲ್ಲ ಅದು. ನಿಘಂಟನ್ನು ನೋಡುವ ಹಾಗೆ ನೋಡತಕ್ಕದ್ದು.

ಹ್ಯಾರಿ ಬ್ಲಾಮೈರ್ಸ್ 1966ರಲ್ಲಿ ಬರೆದ 'ದಿ ಬ್ಲೂಮ್ಸ್‌ಡೇ ಬುಕ್' ಇನ್ನೊಂದು ಜಾತಿಯದು. ಈಗ ಏನು ನಡೆಯಿತು, ಯಾರ ಮನಸ್ಸಿನಲ್ಲಿ ಏನು ಹೊಳೆಯಿತು ಎಂಬುದನ್ನು ಅದು ಸರಳ ಗದ್ಯದಲ್ಲಿ ಪುಟದಿಂದ ಪುಟಕ್ಕೆ ಹೇಳಿಕೊಂಡು ಹೋಗುತ್ತದೆ. ಹಾದಿ ತಪ್ಪಿದವರಿಗೆ ಇದಕ್ಕಿಂತ ಉಪಕಾರಿಯಾದ ಪುಸ್ತಕವನ್ನು ನಾನು ಕಂಡಿಲ್ಲ. ಆದರೆ ಬ್ಲಾಮೈರ್ಸ್ ಕ್ರೈಸ್ತ ಧರ್ಮವಿಚಾರದಲ್ಲಿ ಗಾಢವಾದ ಶ್ರದ್ಧೆಯಿದ್ದವನು. ರೊಟ್ಟಿ ಪಾನೀಯಗಳನ್ನು ಕಂಡೆಡೆಯಲ್ಲೆಲ್ಲ ಅವನಿಗೆ ಪ್ರಭುಭೋಜನದ ನೆನಪಾಗುವುದುಂಟು. ಅವನು ಕಥೆ ಹೇಳುವಾಗ ಕಿವಿಗೊಟ್ಟು, ಸಂಕೇತ ಬಿಡಿಸುವಾಗ ಸ್ವಲ್ಪ ದೂರ ನಿಲ್ಲುವುದು ಲೇಸು. ಇಂಥ ಪುಸ್ತಕವನ್ನು ಬಳಸುವವರು ಮೂಲದ ಒಂದು ಅಧ್ಯಾಯವನ್ನು ಮೊದಲು ತಾವೇ ಓದಿ, ಆಮೇಲೆ ಬ್ಲಾಮೈರ್ಸನ ಅಧ್ಯಾಯವನ್ನು ಓದಿ, ತಮಗೆ ತಪ್ಪಿಹೋದುದೇನೆಂದು ಕಂಡುಕೊಂಡು, ಆ ಕೆಲವು ಪುಟಗಳಿಗಷ್ಟೇ ಹಿಂದಿರುಗಿದರೆ, ಗಮಕಿಯ ಕ್ರಮವನ್ನೇ ಪಾಲಿಸಿದಂತಾಗುತ್ತದೆ.

ಕೈಪಿಡಿ ಅಂಗಡಿಯಿಂದಲೇ ಬರಬೇಕೆಂದೇನೂ ಇಲ್ಲ. 1967ರಲ್ಲಿ ಹೊರಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಭಾಷೆಯಿಂದ ನಮಗೆ ದೂರವಲ್ಲದಿದ್ದರೂ ಜನದಟ್ಟಣೆಯಿಂದ ಎಷ್ಟೋ ಓದುಗರನ್ನು ಕಂಗೆಡಿಸಿದೆ. ಗುತ್ತಿ ಸಿಂಬಾವಿಯ ಒಕ್ಕಲೋ ಬೆಟ್ಟಳ್ಳಿಯವನೋ, ಕೋಣೂರಿನ ಮುಕುಂದಯ್ಯನಿಗೂ ಹೂವಳ್ಳಿಯ ಚಿನ್ನಮ್ಮನಿಗೂ ಏನು ನಂಟು ಎಂದು ಹಿಂದಿನ ಪುಟಗಳನ್ನು ಮಗುಚುವುದಕ್ಕಿಂತ, ಪುಸ್ತಕದ ಕೊನೆಯ ಬಿಳಿಹಾಳೆಯಲ್ಲಿ ಮನೆಮನೆಯಾಗಿ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಮೇಲು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಐದು ತಲೆಬರಹಗಳನ್ನು ಹಾಕಿ ಶುರುಮಾಡಿದರೆ ನೂರು ಪುಟಗಳಾಗುವಷ್ಟರಲ್ಲಿ ಆ ಹಾಳೆ ತುಂಬಿ, ಮುಂದೆ ಅದನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಬರೆಯುವಾಗಲೇ ಅವರೆಲ್ಲ ಪರಿಚಿತರಾಗಿಬಿಟ್ಟಿರುತ್ತಾರೆ. ಅಚ್ಚಿನ ಕೈಪಿಡಿಯಿಂದ ಈ ಲಾಭವಿಲ್ಲ.

ಗ್ರಂಥವೂ ಹೇಳದ, ಟಿಪ್ಪಣಿಯೂ ಹೇಳಲಾರದ ಸಂಗತಿಗಳೂ ಕೆಲವು ಇರುತ್ತವೆ. ಅದೇ ಗ್ಲಾಸ್ನೆವಿನ್ ಸ್ಮಶಾನದಲ್ಲಿ, ಕಂದುಬಣ್ಣದ ಮಳೆಯಂಗಿ ತೊಟ್ಟ, ಯಾರಿಗೂ ಗುರುತಿಲ್ಲದ ಒಬ್ಬನನ್ನು ಬ್ಲೂಮ್ ಕಾಣುತ್ತಾನೆ. ಪತ್ರಿಕೆಯ ವರದಿಗಾರ ಹೈನ್ಸ್ ಬಂದವರ ಹೆಸರು ಬರೆದುಕೊಳ್ಳುತ್ತ ಆ ಮನುಷ್ಯನ ವಿಷಯ ಕೇಳಿದಾಗ, ಬ್ಲೂಮ್ ಅವನು ತೊಟ್ಟ 'ಮ್ಯಾಕಿಂಟಾಷ್' ಅಂಗಿಯ ಹೆಸರನ್ನು ಹೇಳುತ್ತಾನೆ. ಹೈನ್ಸ್ ಅದನ್ನೇ ಮನುಷ್ಯನ ಹೆಸರೆಂದು ತಿಳಿದು ಬರೆದುಕೊಂಡು ಹೊರಟುಹೋಗುತ್ತಾನೆ. ಸಂಜೆಯ ಪತ್ರಿಕೆಯಲ್ಲಿ ಶವಸಂಸ್ಕಾರಕ್ಕೆ ಬಂದಿದ್ದವರ ಪಟ್ಟಿಯೊಳಗೆ ಆ ಹೆಸರು ಅಚ್ಚಾಗಿಯೂ ಬಿಡುತ್ತದೆ. ಅವನು ಯಾರು? ಪುಸ್ತಕದಲ್ಲಿ ಮತ್ತೆ ಮತ್ತೆ ಇಣುಕುವ ಈ ಅಪರಿಚಿತ ಜಾಯ್ಸನೇ ಎಂದು ನಬೋಕೋವ್ ವಾದಿಸಿದನು. ಜಾಯ್ಸನ ಹಿಂದಿನ ಕಥಾಸಂಗ್ರಹವಾದ 'ಡಬ್ಲಿನರ್ಸ್'ನಲ್ಲಿ ಬರುವ ಡಫಿ ಎಂಬ ಒಂಟಿ ಮನುಷ್ಯನೇ ಇವನೆಂದು ಬೇರೆ ಕೆಲವರು ಹೇಳುತ್ತಾರೆ. ಸತ್ತವನೊಬ್ಬನ ಪ್ರೇತವೆನ್ನುವವರೂ ಇದ್ದಾರೆ. ನಬೋಕೋವನ ಉಪನ್ಯಾಸವನ್ನು ಓದಿ ಮುಗಿಸಿದವನು ಡಫಿಯ ಪಕ್ಷದವರ ಪುಸ್ತಕವನ್ನು ತೆರೆದರೆ, ಕೈಯಲ್ಲಿದ್ದ ಒಂದು ಉತ್ತರವೂ ಜಾರಿಹೋಗುತ್ತದೆ. ಪ್ರಾಧ್ಯಾಪಕರು ಶತಮಾನಗಳ ಕಾಲ ಜಗಳವಾಡುವಷ್ಟು ಒಗಟುಗಳನ್ನು ಇದರಲ್ಲಿ ತುಂಬಿದ್ದೇನೆಂದು ಜಾಯ್ಸ್ ಹೇಳಿಕೊಂಡನೆಂಬ ಮಾತು ಪ್ರಚಲಿತವಾಗಿದೆ. ಬ್ಲೂಮನಿಗಂತೂ ಅದೇ ರಾತ್ರಿ ಮನೆಗೆ ಹಿಂದಿರುಗಿದ ಮೇಲೂ, ಹದಿನೇಳನೆಯ ಅಧ್ಯಾಯದಲ್ಲಿ, ಆ ಮ್ಯಾಕಿಂಟಾಷ್ ಯಾರಿದ್ದಿರಬಹುದೆಂಬ ಪ್ರಶ್ನೆ ಬಗೆಹರಿದಿರುವುದಿಲ್ಲ.